ಜುಲೈ ಅಜ್ಜನ ಕಲ್ಲು

ವಾಷಿಂಗ್ಟನ್ ಹತ್ತಿರದ ಹರ್ನ್‌ಡನ್ನಿನ ನಮ್ಮ ಅಪಾರ್ಟ್‌ಮೆಂಟಿನ ಅಂಚೆ ಪೆಟ್ಟಿಗೆಗಳ ಸಾಲಿನಲ್ಲಿ ‘ಶಾಂತಾಬಾಯಿ ಗ್ರೀನ್’ ಎಂಬ ಹೆಸರು ಕಂಡಾಗ ಯಾರೋ ತಮಾಷೆಗೆ ಬರೆದಿರಬೇಕು ಅಂದುಕೊಂಡಿದ್ದೆ. ಅದು ೧೯೯೫ರ ಚಳಿಗಾಲ. ನನ್ನ ಗಂಡ ನಟರಾಜ ಡಲೆಸ್ ವಿಮಾನ ನಿಲ್ದಾಣದ ಹತ್ತಿರದ ಕಂಪನಿಯೊಂದರಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಸೇರಿದ್ದರು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡಿದ್ದವಳು ಇಲ್ಲಿ ದಿನವಿಡೀ ಕಿಟಕಿಯ ಪಕ್ಕ ಕೂತು ಪಾರ್ಕಿಂಗ್ ಲಾಟ್ ನೋಡುತ್ತಿದ್ದೆ.

ಆ ಹೆಸರಿನವರು ಸಿಕ್ಕಿದ್ದು ನೆಲಮಾಳಿಗೆಯ ಲಾಂಡ್ರಿ ರೂಮಿನಲ್ಲಿ. ಬಟ್ಟೆ ಒಗೆಯುವ ಮೆಷಿನ್ನು ನಿಂತುಹೋಗಿತ್ತು. ನಾನು ಅದಕ್ಕೆ ಕನ್ನಡದಲ್ಲೇ ಬಯ್ಯುತ್ತಿದ್ದೆ. ಹಿಂದಿನಿಂದ ಯಾರೋ ನಿಧಾನವಾಗಿ ಹೇಳಿದರು:

“ಬೈದ್ರ ಕೇಳಂಗಿಲ್ಲ ತಂಗಿ. ಬಲಗಡೆ ಒಂದ್ ಗುದ್ದು ಗುದ್ದು.”

ತಿರುಗಿ ನೋಡಿದರೆ ಆಸ್ಪತ್ರೆಯ ಬಿಳಿ ಕೋಟು, ಕಾಲಿಗೆ ದಪ್ಪ ಶೂ, ಬೆಳ್ಳಗಾದ ಕೂದಲ ಸಣ್ಣ ತುರುಬು. ಗುದ್ದಿದೆ. ಮೆಷಿನ್ನು ಶುರುವಾಯಿತು. ಅವರು ನಗಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು, “ಒಗದಾದ್ ಮ್ಯಾಲ ಎಬ್ಬಸು,” ಅಂದರು. ನಿಂತಲ್ಲೇ ನಿದ್ದೆ ಹೋಗುವ ಮನುಷ್ಯರನ್ನು ನಾನು ಅದೇ ಮೊದಲು ನೋಡಿದ್ದು.

ಶಾಂತಕ್ಕ ಬಾಗಲಕೋಟೆಯವರು. ತಂದೆ ಗುರುಸಿದ್ದಪ್ಪನವರು ಹತ್ತಿಯ ದಲಾಲಿ ಅಂಗಡಿ ಇಟ್ಟಿದ್ದವರು. ಧಾರವಾಡದಲ್ಲಿ ಎಂಎಸ್ಸಿ ಮಾಡಿ, ಅರವತ್ತೇಳರಲ್ಲಿ ಸೂಕ್ಷ್ಮಜೀವಿಗಳ ಮೇಲೆ ಓದಲು ವಾಷಿಂಗ್ಟನ್ನಿಗೆ ಬಂದರು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಎಕ್ಸ್‌ರೇ ತೆಗೆಯುತ್ತಿದ್ದ ವೆಂಡೆಲ್ ಗ್ರೀನ್ ಎಂಬವರನ್ನು ಮದುವೆಯಾದರು. ವೆಂಡೆಲ್ ಕರಿಯರು, ಸೌತ್ ಕ್ಯಾರೋಲೈನಾದ ಕಡಲಂಚಿನ ಊರಿನವರು. ಮದುವೆಯ ಸುದ್ದಿ ಬಾಗಲಕೋಟೆ ತಲುಪಿದ ಮೇಲೆ ಅಲ್ಲಿಂದ ಪತ್ರಗಳು ನಿಂತವು. ತಂದೆ ತೀರಿಕೊಂಡದ್ದು ಕೂಡ ಶಾಂತಕ್ಕನಿಗೆ ತಿಳಿದದ್ದು ಬೇರೆ ಯಾರಿಂದಲೋ, ಎಷ್ಟೋ ತಿಂಗಳ ಮೇಲೆ. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಚಪಾತಿ ಲಟ್ಟಿಸುತ್ತ, ಬೇರೆ ಯಾರದೋ ಮನೆಯ ವಿಷಯ ಹೇಳಿದಂತೆ.

ನನಗೆ ಅವರ ಪರಿಚಯವಾಗುವ ಹೊತ್ತಿಗೆ ವೆಂಡೆಲ್ ಸತ್ತು ಎರಡು ವರ್ಷವಾಗಿತ್ತು. ಮಗಳು ಸುರಭಿ ಅಟ್ಲಾಂಟಾದಲ್ಲಿ ವಕೀಲೆ. ಶಾಂತಕ್ಕ ಒಬ್ಬರೇ ಇದ್ದರು, ದಿನವಿಡೀ ಲ್ಯಾಬಿನಲ್ಲಿ ದುಡಿದು ಬಂದು, ಶನಿವಾರ ಬಂತೆಂದರೆ ಕಾರು ತೆಗೆದುಕೊಂಡು ಎಲ್ಲಿಗೋ ಹೋಗುತ್ತಿದ್ದರು. ಎಲ್ಲಿಗೆ ಎಂದು ಒಂದು ದಿನ ಕೇಳಿದೆ.

“ನನ್ ಗಂಡನ ಮುತ್ತಜ್ಜನ್ನ ಹುಡಕಾಕ,” ಅಂದರು. “ನಿನಗ ಡ್ರೈವಿಂಗ್ ಬರ್ತೈತೇನು?”

ಲೈಸೆನ್ಸ್ ಆಗಷ್ಟೇ ಸಿಕ್ಕಿತ್ತು. ಶಾಂತಕ್ಕನ ಮೊಣಕಾಲು ಕೆಟ್ಟಿತ್ತು. ದೂರದ ದಾರಿಯಲ್ಲಿ ಬ್ರೇಕ್ ಒತ್ತಿ ಒತ್ತಿ ರಾತ್ರಿಯೆಲ್ಲ ನರಳುತ್ತಿದ್ದರು. ಹೀಗೆ ಅವರ ಹಳೆಯ ಬ್ಯೂಕ್ ಕಾರಿಗೆ ನಾನು ಡ್ರೈವರ್ ಆದೆ.

ಹುಡುಕುತ್ತಿದ್ದುದು ಜುಲೈ ಹ್ಯಾಲ್ಸ್ಟನ್ ಎಂಬವನನ್ನು. ಜುಲೈ ಅವನ ಹೆಸರು. ಗುಲಾಮರ ಮಕ್ಕಳಿಗೆ ಹುಟ್ಟಿದ ತಿಂಗಳನ್ನೋ ವಾರವನ್ನೋ ಹೆಸರಾಗಿ ಇಡುವುದು ಆ ಕಾಲಕ್ಕೆ ಅಲ್ಲಿ ಇತ್ತಂತೆ. “ನಮ್ಮಲ್ಲಿ ಸೋಮವ್ವ, ಮಂಗಳವ್ವ ಇಲ್ಲೇನು, ಹಂಗ,” ಎಂದು ಶಾಂತಕ್ಕ ನನಗೆ ತಿಳಿಸಿಕೊಟ್ಟಿದ್ದರು. ಹ್ಯಾಲ್ಸ್ಟನ್ ಎಂಬುದು ಯಜಮಾನನ ಮನೆತನದ ಹೆಸರು. ಅಮೆರಿಕದ ಉತ್ತರದವರಿಗೂ ದಕ್ಷಿಣದವರಿಗೂ ಅಂತರ್ಯುದ್ಧ ನಡೆದಾಗ ಜುಲೈ ಯಜಮಾನನ ಗದ್ದೆಯಿಂದ ತಪ್ಪಿಸಿಕೊಂಡು, ಉತ್ತರದ ಸೈನ್ಯದ ಕೈಯಲ್ಲಿದ್ದ ಕಡಲ ದ್ವೀಪಗಳಿಗೆ ಹೋಗಿ, ಕರಿಯರ ಪಡೆ ಸೇರಿದ. ಮನೆಯವರಿಗೆ ಗೊತ್ತಿದ್ದದ್ದು ಇಷ್ಟೇ. ಯುದ್ಧ ಮುಗಿದ ಮೇಲೂ ಅವನು ಬಹಳ ಕಾಲ ಬದುಕಿದ. ವೆಂಡೆಲ್ ಅವರ ತಾಯಿ ಐಡಾ ಬೆಳೆದದ್ದೇ ಈ ಅಜ್ಜನ ಕೈಯಲ್ಲಿ. ಅವನು ಸತ್ತಾಗ ಆಕೆ ಹದಿಮೂರರ ಹುಡುಗಿ.

ಜುಲೈನನ್ನು ಮಣ್ಣು ಮಾಡಿದ್ದು ಹೊಳೆಯ ದಂಡೆಯ ಓಕ್ ಮರಗಳ ಕೆಳಗೆ. ಕಲ್ಲು ಹಾಕಿಸಲು ಆಗ ಯಾರ ಕೈಯಲ್ಲೂ ಆಗಲಿಲ್ಲ. ಊರಿನ ಕೋರ್ಟಿನ ಎದುರು ಮಾತ್ರ ಗುಲಾಮಗಿರಿ ಉಳಿಯಲೆಂದು ಕಾದಿದ ದಕ್ಷಿಣದ ಸೈನಿಕನ ಕಲ್ಲಿನ ಪ್ರತಿಮೆ, ಬಂದೂಕು ಹಿಡಿದು, ಎತ್ತರದ ಕಂಬದ ಮೇಲೆ. ಐಡಾ ಹುಟ್ಟಿದಾಗಿನಿಂದ ಅದರ ಕೆಳಗೇ ಓಡಾಡಿದವರು. ಸೈನಿಕನಾಗಿದ್ದ ಎಂದು ತೋರಿಸಿಕೊಟ್ಟರೆ ಹೆಸರಿಲ್ಲದ ಸಮಾಧಿಗೆ ಸರ್ಕಾರವೇ ಕಲ್ಲು ಕೊಡುತ್ತದೆ ಎಂದು ಯಾರೋ ಹೇಳಿದ್ದರು. ವೆಂಡೆಲ್ ತಾಯಿಗೆ ಮಾತು ಕೊಟ್ಟು ಹುಡುಕಲು ಶುರು ಮಾಡಿದರು. ಆರು ತಿಂಗಳೂ ಆಗಿರಲಿಲ್ಲ, ಒಂದು ಬೆಳಿಗ್ಗೆ ಎಕ್ಸ್‌ರೇ ಕೋಣೆಯಲ್ಲೇ ಕುಸಿದು ಬಿದ್ದರು.

ಮಣ್ಣು ಮಾಡಿ ಬಂದ ದಿನ ಐಡಾ ಸೊಸೆಯ ಕೈ ಹಿಡಿದುಕೊಂಡು ಏನೂ ಕೇಳಲಿಲ್ಲವಂತೆ. ಶಾಂತಕ್ಕನೇ ಹೇಳಿದರಂತೆ: “ಅಂವ ಬಿಟ್ಟಿದ್ದನ್ನ ನಾ ಮುಗಸ್ತೀನಿ ಅತ್ತಿ.”

ಈ ‘ಅತ್ತಿ’ಯ ಕತೆಯನ್ನೂ ಹೇಳಬೇಕು. ಮದುವೆಯಾದ ಹೊಸದರಲ್ಲಿ ಶಾಂತಕ್ಕ ಐಡಾರನ್ನು ಹೆಸರು ಹಿಡಿದು ಕರೆಯಲಾರದೆ ಬಾಗಲಕೋಟೆಯ ರೂಢಿಯಂತೆ ‘ಅತ್ತಿ’ ಎಂದೇ ಕರೆದರು. ಚರ್ಚಿನವರು ಅದನ್ನು ಮುದ್ದಿನ ಹೆಸರು ಅಂದುಕೊಂಡರು. ನಾನು ಹೋಗುವ ಹೊತ್ತಿಗೆ ಊರಿನ ಅರ್ಧ ಜನ ಆಕೆಯನ್ನು ‘ಮಿಸ್ ಅತ್ತಿ’ ಅನ್ನುತ್ತಿದ್ದರು. ಅಂಗಡಿಯವನೂ, ಪಾದ್ರಿಯೂ.

ಮೊದಲ ಭೇಟಿಯಲ್ಲಿ ಐಡಾ ಹೊಸ ಸೊಸೆಯನ್ನು ವರಾಂಡದಲ್ಲಿ ಕೂರಿಸಿಕೊಂಡು, “ನಿಮ್ಮಜ್ಜನ ಹೆಸರೇನು?” ಎಂದು ಕೇಳಿದರಂತೆ. ರಾಮಲಿಂಗಪ್ಪ ಅಂದರು ಶಾಂತಕ್ಕ. ಅವರಪ್ಪ? ಅವರ ಹೆಸರೂ ಹೇಳಿದರು. ಅವರಪ್ಪ? ಅದನ್ನೂ ಹೇಳಿದರು. ಐಡಾ ಎಲ್ಲ ಕೇಳಿಸಿಕೊಂಡು, “ನಮ್ದು ಜುಲೈಗೇ ನಿಂತಬಿಡ್ತೈತಿ. ಅದರಾಚೆ ಯಾರೂ ಇಲ್ಲ,” ಅಂದರಂತೆ.

ಐಡಾ ಮಾತಾಡುತ್ತಿದ್ದುದು ಇಂಗ್ಲಿಷೇ. ಆದರೆ ಆ ದ್ವೀಪಗಳ ಕಡೆಯ ಇಂಗ್ಲಿಷು ನನಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಪಕ್ಕದಲ್ಲಿ ಕೂತ ಶಾಂತಕ್ಕ ಮಿಕ್ಕದ್ದನ್ನು ತಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಹೀಗಾಗಿ ನನ್ನ ನೆನಪಿನಲ್ಲಿ ಐಡಾ ಬಾಗಲಕೋಟೆಯ ಕನ್ನಡವನ್ನೇ ಆಡುತ್ತಾರೆ.

ಹುಡುಕಾಟ ಎಂದರೆ ಏನೋ ರೋಮಾಂಚನ ಇರುತ್ತದೆ ಅಂದುಕೊಂಡಿದ್ದೆ. ಅಂಥದ್ದೇನೂ ಇರಲಿಲ್ಲ. ವಾಷಿಂಗ್ಟನ್ನಿನ ದಾಖಲೆ ಭವನದ ಕತ್ತಲೆಯ ಕೋಣೆಯಲ್ಲಿ ಸಾಲಾಗಿ ಮೆಷಿನ್ನುಗಳು. ಸೈನ್ಯದ ಹಳೆಯ ಕಡತಗಳ ಫಿಲಂ ಸುರುಳಿ ಹಾಕಿ ಹಿಡಿಕೆ ತಿರುಗಿಸುತ್ತ ಕೂರಬೇಕು. ನನ್ನ ತಲೆ ತಿರುಗುತ್ತಿತ್ತು. ಹೆಸರನ್ನು ಆ ಕಾಲದ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿದ್ದರು. ಹೋಲ್ಸ್ಟನ್, ಆಲ್ಸ್ಟನ್, ಹಾಸ್ಟಿನ್, ಎಲ್ಲವನ್ನೂ ನೋಡಬೇಕಿತ್ತು. ಲ್ಯಾಬಿನಲ್ಲಿ ವಾರವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟ ಶಾಂತಕ್ಕ ಶನಿವಾರ ಇಲ್ಲಿ ಬಂದು ಮತ್ತೆ ಕಣ್ಣು ಕೊಡುತ್ತಿದ್ದರು. ಮಧ್ಯಾಹ್ನ ಹೊರಗಿನ ಮೆಟ್ಟಿಲ ಮೇಲೆ ಕೂತು ಚಪಾತಿ, ಶೇಂಗಾ ಚಟ್ನಿ ತಿನ್ನುತ್ತಿದ್ದೆವು. ಒಮ್ಮೊಮ್ಮೆ ತುತ್ತು ಕೈಯಲ್ಲೇ ಇರುವಾಗ ಅವರ ತಲೆ ಎದೆಯ ಮೇಲೆ ಬೀಳುತ್ತಿತ್ತು.

ತೊಂಬತ್ತಾರರ ಬೇಸಿಗೆಯಲ್ಲಿ ಸಿಕ್ಕಿದ. ಶಾಂತಕ್ಕ ಹಿಡಿಕೆ ತಿರುಗಿಸುವುದನ್ನು ನಿಲ್ಲಿಸಿ ಬಹಳ ಹೊತ್ತು ಪರದೆಯನ್ನೇ ನೋಡಿದರು. ಆಮೇಲೆ ನನ್ನ ತೋಳು ತಟ್ಟಿದರು. ಜುಲೈ ಹ್ಯಾಲ್ಸ್ಟನ್, ವಯಸ್ಸು ಇಪ್ಪತ್ತಮೂರು, ಗದ್ದೆ ಕೆಲಸದವನು, ಹುಟ್ಟಿದ ಊರು, ಸೇರಿದ ತಾರೀಖು, ಎಲ್ಲ ಸರಿಯಾಗಿತ್ತು. ನಾನು ಖುಷಿಯಿಂದ ಅವರ ಕೈ ಅದುಮಿದೆ. ಅವರು ಬೆರಳಿನಿಂದ ಕೆಳಗಿನ ಸಾಲು ತೋರಿಸಿದರು. ಅಲ್ಲಿ ೧೮೬೪ರ ವಸಂತದ ತಾರೀಖೊಂದರ ಮುಂದೆ ಒಂದೇ ಪದ ಇತ್ತು.

“ಓಡಿಹೋದ ಅಂತ ಬರದಾರ,” ಅಂದರು ಶಾಂತಕ್ಕ.

ಮುಂದಿನ ಸುರುಳಿಗಳಲ್ಲಿ ಅವನ ಸುದ್ದಿಯೇ ಇರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಟೋಲ್ ರೋಡಿನ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಕೇಳಿದೆ: “ಶಾಂತಕ್ಕಾ, ಅವರಿಗೆ ಹೇಳ್ತೀರಾ?”

“ತೊಂಬತ್ತು ವರ್ಷದ ಮುದುಕಿ. ನಿಮ್ಮಜ್ಜ ರಣಹೇಡಿ ಅಂತ ಹೆಂಗ್ ಹೇಳಲಿ?”

“ಸಿಗ್ಲೇ ಇಲ್ಲ ಅಂದ್ಬಿಡಿ.”

“ಅದನ್ನೂ ಹೆಂಗ್ ಹೇಳಲಿ?”

ಆ ಬೇಸಿಗೆಯೆಲ್ಲ ಅವರು ಸೌತ್ ಕ್ಯಾರೋಲೈನಾಕ್ಕೆ ಹೋಗುವುದನ್ನು ಮುಂದೂಡುತ್ತ ಬಂದರು. ಐಡಾ ಫೋನ್ ಮಾಡಿದರೆ ಡ್ಯೂಟಿ ಜಾಸ್ತಿ ಎಂದು ಹೇಳುತ್ತಿದ್ದರು. ಡ್ಯೂಟಿ ನಿಜವಾಗಿಯೂ ಜಾಸ್ತಿ ಮಾಡಿಕೊಂಡಿದ್ದರು, ಹೇಳಿದ್ದು ಸುಳ್ಳಾಗದಿರಲಿ ಎಂದೋ ಏನೋ.

ಅಕ್ಟೋಬರಿನಲ್ಲಿ ಹೊರಟೆವು. ವರ್ಜೀನಿಯಾ ದಾಟಿ, ನಾರ್ತ್ ಕ್ಯಾರೋಲೈನಾ ದಾಟಿ, ಎರಡೂ ಕಡೆ ಪೈನ್ ಮರ ಬಿಟ್ಟರೆ ಬೇರೇನೂ ಇಲ್ಲದ ಆ ಹೆದ್ದಾರಿ ಮುಗಿಯುವುದೇ ಇಲ್ಲ ಅನಿಸುತ್ತದೆ. ಶಾಂತಕ್ಕ ಸೀಟು ಹಿಂದಕ್ಕೆ ಚಾಚಿಕೊಂಡು ಕಣ್ಣು ಮುಚ್ಚಿದ್ದರು, ನಿದ್ದೆ ಮಾಡುತ್ತಿರಲಿಲ್ಲ. ಮೋಟೆಲಿನಲ್ಲಿ ತಂಗಿ ಮರುದಿನ ಬೆಳಿಗ್ಗೆ ಐಡಾ ಮನೆ ತಲುಪಿದೆವು. ಮರದ ಚಿಕ್ಕ ಮನೆ, ಬಾಗಿಲಿಗೆ ನೀಲಿ ಬಣ್ಣ. ದಾರಿ ಬದಿಯಲ್ಲಿ ಕೊಂಡ ಕುದಿಸಿದ ಶೇಂಗಾ ಪೊಟ್ಟಣವನ್ನು ಶಾಂತಕ್ಕ ಅತ್ತೆಯ ಮಡಿಲಿಗಿಟ್ಟರು.

ಐಡಾ ಸಣ್ಣಗೆ, ನೆಟ್ಟಗೆ ಕೂತಿದ್ದರು. ಶೇಂಗಾ ಬಿಡಿಸುತ್ತ ಸ್ವಲ್ಪ ಹೊತ್ತು ಸುರಭಿಯ ವಿಷಯ ಕೇಳಿದರು. ಆಮೇಲೆ ತಲೆಯೆತ್ತದೆ ಕೇಳಿದರು:

“ಸಿಕ್ಕನೇನು?”

“ಸಿಕ್ಕಾನ ಅತ್ತಿ. ಹೆಸರು ಐತಿ. ಊರು, ವಯಸ್ಸು ಎಲ್ಲಾ ಕೂಡ್ತೈತಿ.”

“ಮುಂದೇನು ಬರದಾರ?”

ಶಾಂತಕ್ಕ ಮೊಣಕಾಲು ನೀವಿಕೊಂಡರು. ನಾನು ಹೊರಗೆ ನೋಡಿದೆ.

“ಓಡಿಹೋದ ಅಂತ ಬರದಾರೇನು?” ಅಂದರು ಐಡಾ.

ಶಾಂತಕ್ಕನ ಮುಖ ನೋಡಬೇಕಿತ್ತು.

“ಹೋಗಿದ್ದು ಖರೇ ಐತಿ,” ಅಂದರು ಐಡಾ. “ನನಗ ಅಂವನ ಹೇಳ್ಯಾನ.”

ಐಡಾಗೆ ಆಗ ಎಂಟೋ ಒಂಬತ್ತೋ ವರ್ಷ. ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಸತ್ತ ಸೈನಿಕರಿಗೆ ಹೂವಿಡುವ ದಿನ ಬರುತ್ತಿತ್ತು. ಕರಿಯರ ಪಡೆಯಲ್ಲಿದ್ದ ಮುದುಕರೆಲ್ಲ ಎದೆಗೆ ಪದಕ ಹಚ್ಚಿಕೊಂಡು, ಬ್ಯಾಂಡು ಬಾರಿಸುವವರ ಹಿಂದೆ ಸಾಲಾಗಿ ಸೈನಿಕರ ಸ್ಮಶಾನಕ್ಕೆ ನಡೆದು ಹೋಗುತ್ತಿದ್ದರು. ಜುಲೈ ಮಾತ್ರ ಟೋಪಿ ತೆಗೆದು ರಸ್ತೆಯಂಚಿನಲ್ಲಿ ನಿಲ್ಲುತ್ತಿದ್ದ. ಸಾಲಿನೊಳಗಿಂದ ಒಬ್ಬ ಮುದುಕ ಪ್ರತಿ ಸಲವೂ “ಬಾರೋ ಜುಲೈ” ಎಂದು ಕರೆಯುತ್ತಿದ್ದ. ಜುಲೈ ತಲೆ ಅಲ್ಲಾಡಿಸುತ್ತಿದ್ದ. ಆ ವರ್ಷ ಮೊಮ್ಮಗಳು ಅವನ ಕೈ ಜಗ್ಗಿ ಕೇಳಿದಳು: “ಅಜ್ಜಾ, ನೀ ಯಾಕ ಹೋಗಂಗಿಲ್ಲ?”

ಮನೆಗೆ ಬಂದ ಮೇಲೆ ಹೇಳಿದನಂತೆ. ಅವನು ತಪ್ಪಿಸಿಕೊಂಡು ದ್ವೀಪಗಳಿಗೆ ಹೋಗುವಾಗ ಹೆಂಡತಿ ಹೇಗರ್ ಬಸುರಿ. ಜೌಗು ದಾಟುವುದು ಅವಳಿಂದ ಆಗುತ್ತಿರಲಿಲ್ಲ. ಅವಳು ಹ್ಯಾಲ್ಸ್ಟನ್ ಗದ್ದೆಯಲ್ಲೇ ಉಳಿದಳು. ಎರಡು ವರ್ಷವಾದ ಮೇಲೆ ಒಂದು ಸುದ್ದಿ ಬಂತು: ಉತ್ತರದ ಸೈನ್ಯ ಹತ್ತಿರ ಬರುತ್ತಿದೆ ಎಂದು ಹೆದರಿ ಯಜಮಾನ ತನ್ನ ಆಳುಗಳನ್ನೆಲ್ಲ ಒಳನಾಡಿಗೆ ಸಾಗಿಸುತ್ತಾನಂತೆ. ಒಳನಾಡಿಗೆ ಹೋದವರು ಮತ್ತೆ ಸಿಗುವುದಿಲ್ಲ. ಜುಲೈ ರಜೆ ಕೇಳಿದ. ಕೊಡಲಿಲ್ಲ.

“ಬಂದೂಕು ಡೇರೆದಾಗ ಇಟ್ಟು ಹೋದನಂತ,” ಅಂದರು ಐಡಾ. “ಅದು ಅವರದು, ಕಳವು ಮಾಡಿದಂಗ ಆಗ್ತೈತಿ ಅಂತ. ಜೌಗಿನ್ಯಾಗ ಹಗಲು ಮಲಗೂದು, ಕತ್ಲಾದ್ರ ನಡ್ಯೂದು. ದಕ್ಷಿಣದವ್ರ ಕೈಗೆ ಸಿಕ್ಕಿದ್ರ ಮರಕ್ಕ ನೇತ್ ಹಾಕ್ತಿದ್ರು. ಉತ್ತರದವ್ರ ಕೈಗೆ ಸಿಕ್ಕಿದ್ರ ಗುಂಡು ಹೊಡೀತಿದ್ರು. ಹೋಗಿ ಅಕಿನ್ನ ಕರಕೊಂಡು ಬಂದ. ಕೂಸನ್ನ ಬೆನ್ನಿಗೆ ಕಟಗೊಂಡು ಬಂದ. ಆ ಕೂಸು ನಮ್ಮಪ್ಪ.”

ದೋಣಿಯಲ್ಲಿ ಹೆಂಡತಿಯನ್ನೂ ಮಗುವನ್ನೂ ದ್ವೀಪಕ್ಕೆ ಸೇರಿಸಿ, ಜುಲೈ ನೇರವಾಗಿ ತನ್ನ ಪಡೆಯ ಡೇರೆಗೆ ಹೋಗಿ ನಿಂತ. ಅವನನ್ನು ಹಿಡಿದು ಕೋಣೆಗೆ ಹಾಕಿದರು. ಆಮೇಲೆ ಸಮವಸ್ತ್ರ ಕಿತ್ತುಕೊಂಡು ಕಂದಕ ತೋಡುವ ಆಳುಗಳ ಜೊತೆ ಬಿಟ್ಟರು. ಯುದ್ಧ ಮುಗಿಯುವ ತನಕ ಅವನು ತೋಡಿದ. ಮತ್ತೆ ಯಾರೂ ಅವನನ್ನು ಸೈನಿಕ ಅನ್ನಲಿಲ್ಲ. ಪಿಂಚಣಿ ಕೇಳಲು ಅವನೂ ಹೋಗಲಿಲ್ಲ.

ಶಾಂತಕ್ಕನಿಗೆ ಸಿಟ್ಟು ಬಂದಿತ್ತು. ಅವರು ಅತ್ತೆಯ ಎದುರು ದನಿ ಎತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಇಷ್ಟು ವರ್ಷ ನಮ್ಮನ್ನ ಹುಡಕಾಕ ಹಚ್ಚೀದಿ. ವೆಂಡೆಲ್ ಹುಡಕಿದ, ನಾ ಹುಡಕಿದೆ. ನಿನಗ ಮೊದಲ ಗೊತ್ತಿತ್ತಲ್ಲ! ಯಾಕ ಹೇಳಲಿಲ್ಲ?”

“ವೆಂಡೆಲ್ ಸಣ್ಣಾಂವ ಇದ್ದಾಗ ಸಾಲ್ಯಾಗ ಎಲ್ಲಾರ ಮುಂದ ಹೇಳ್ತಿದ್ದ, ನಮ್ಮ ಮುತ್ತಜ್ಜ ಸೋಲ್ಜರ್ ಅಂತ. ಆ ಮಾರಿ ನೋಡಿ ನನಗ ಹೇಳಾಕ ಆಗಲಿಲ್ಲ.” ಐಡಾ ಶೇಂಗಾ ಸಿಪ್ಪೆಗಳನ್ನು ಮಡಿಲಿನಿಂದ ಕೊಡವಿದರು. “ಅಂವ ಹೋಗಿದ್ದು ನನಗ ಗೊತ್ತೈತಿ ಶಾಂತಾ. ತಿರುಗಿ ಬಂದಿದ್ದೂ ಗೊತ್ತೈತಿ. ತಿರುಗಿ ಬಂದಿದ್ದನ್ನ ಅವ್ರು ಬರಕೊಂಡಾರೋ ಇಲ್ಲೋ, ಅದು ಗೊತ್ತಿದ್ದಿಲ್ಲ. ಅದೊಂದು ತಿಳೀಬೇಕಿತ್ತು.”

ಆ ದಿನ ಹೊಳೆಯ ದಂಡೆಗೆ ಹೋದೆವು. ಓಕ್ ಮರಗಳಿಂದ ಬೂದು ಬಣ್ಣದ ಪಾಚಿ ಜಡೆಯಂತೆ ಇಳಿಬಿದ್ದಿತ್ತು. ಕೆಲವು ಸಮಾಧಿಗಳ ಮೇಲೆ ಶಂಖ, ಒಡೆದ ಪಿಂಗಾಣಿ ಬಟ್ಟಲು. ಜುಲೈ ಇರುವ ಜಾಗವನ್ನು ಐಡಾ ಕೋಲಿನಿಂದ ತೋರಿಸಿದರು. ನೆಲ ತುಸು ತಗ್ಗಾಗಿತ್ತು, ಅಷ್ಟೇ.

ಮುಂದಿನ ಚಳಿಗಾಲವೆಲ್ಲ ಶಾಂತಕ್ಕ ಜುಲೈ ತಿರುಗಿ ಬಂದ ಆ ಇನ್ನರ್ಧಕ್ಕಾಗಿ ಹುಡುಕಿದರು. ಸೆರೆಯಲ್ಲಿಟ್ಟವರ ಹೆಸರು, ಕಂದಕ ತೋಡಿದವರ ಹೆಸರು, ಸಿಕ್ಕ ಸುರುಳಿಯನ್ನೆಲ್ಲ ನೋಡಿದರು. ನನಗೆ ಆ ಹೊತ್ತಿಗೆ ಬೇಸರ ಬಂದುಬಿಟ್ಟಿತ್ತು, ಒಂದೆರಡು ಶನಿವಾರ ನೆಪ ಹೇಳಿ ಉಳಿದುಕೊಂಡೆ. ಅವರೊಬ್ಬರೇ ಬಸ್ಸು, ಟ್ರೇನು ಹಿಡಿದು ಹೋಗಿ ಬಂದರು. ಏನೂ ಸಿಗಲಿಲ್ಲ. ಕಡೆಗೆ ಐಡಾರ ಹೇಳಿಕೆಯನ್ನು ನೋಟರಿಯ ಎದುರು ಬರೆಸಿ, ಓಡಿಹೋದ ಎಂಬ ಕಳಂಕ ತೆಗೆದು ಕಲ್ಲು ಕೊಡಬೇಕೆಂದು ಅರ್ಜಿ ಹಾಕಿದರು.

ಅರ್ಜಿ ಹಾಕಿದ ಸುದ್ದಿ ತಿಳಿದು ಸುರಭಿ ಅಟ್ಲಾಂಟಾದಿಂದ ಫೋನ್ ಮಾಡಿದ್ದಳು. ಶಾಂತಕ್ಕ ಒಲೆಯ ಮುಂದಿದ್ದರು, ಸ್ಪೀಕರ್ ಹಾಕಿದ್ದರು.

“ಅಮ್ಮ, ಯು ಆರ್ ಟಯರ್ಡ್. ನಿನ್ನ ವಾಯ್ಸ್ ಕೇಳಿದ್ರೆ ಗೊತ್ತಾಗತ್ತೆ. ಇದು ಆಗಲ್ಲ. ನಾನು ಲಾಯರ್, ಐ ನೋ. ಪ್ರೂಫ್ ಇಲ್ಲ.”

“ನಿಮ್ಮಜ್ಜಿ ಹೇಳ್ಯಾಳಲ್ಲ.”

“ಅಜ್ಜಿ ಹೇಳಿದ್ದು ಪ್ರೂಫ್ ಅಲ್ಲಮ್ಮ.”

“ಹಂಗಾರ ಏನು ಪ್ರೂಫು?” ಅಂದರು ಶಾಂತಕ್ಕ. ಒಲೆ ಸಣ್ಣ ಮಾಡಿದರು. “ಇರ್ಲಿ ಬಿಡು. ಊಟ ಮಾಡಿದ್ಯಾ?”

ಏಪ್ರಿಲಿನಲ್ಲಿ ಸರ್ಕಾರದ ಉತ್ತರ ಬಂತು. ಸುರಭಿ ಹೇಳಿದ್ದೇ ಆಗಿತ್ತು. ಹೇಳಿಕೆ ಕೊಟ್ಟವರು ಘಟನೆ ನಡೆದಾಗ ಹುಟ್ಟಿರಲಿಲ್ಲ, ಬೇರೆ ಆಧಾರವಿಲ್ಲ, ಆದ್ದರಿಂದ ಅರ್ಜಿ ಮಂಜೂರಾಗಿಲ್ಲ. ಶಾಂತಕ್ಕ ಅದನ್ನು ನಿಂತೇ ಓದಿ ಫ್ರಿಜ್ಜಿನ ಮೇಲಿಟ್ಟು, ಅನ್ನಕ್ಕೆ ಅಕ್ಕಿ ತೊಳೆದರು.

ಐಡಾಗೆ ಹೇಳಲು ಹೊರಟೆವು. ಈ ಸಲ ಶಾಂತಕ್ಕ ದಾರಿಯುದ್ದಕ್ಕೂ ಮಲಗಿದ್ದರು. ಪೆಟ್ರೋಲ್ ಹಾಕಿಸಲು ನಿಂತಾಗಲೂ ಏಳಲಿಲ್ಲ. ಮುಖ ಊದಿಕೊಂಡಿತ್ತು, ಕೆಮ್ಮು ಬೇರೆ. ಐಡಾ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಇಳಿಯಲು ನನ್ನ ತೋಳು ಹಿಡಿಯಬೇಕಾಯಿತು. ಒಳಗೆ ಹೋಗಿ ಅತ್ತೆಯ ಎದುರಿನ ಕುರ್ಚಿಯಲ್ಲಿ ಕೂತು, “ಆಗಲಿಲ್ಲ ಅತ್ತಿ,” ಅಂದರು.

“ಕೊಡಂಗಿಲ್ಲ ಅಂದ್ರೇನು?”

“ಕೊಡಂಗಿಲ್ಲ ಅಂದ್ರು. ಮತ್ತ ಅಪೀಲು ಮಾಡಬಹುದು. ಇನ್ನೊಂದು ಕಚೇರಿ ಐತಂತ. ಮುಂದಿನ ತಿಂಗಳು ರಜಾ ಹಾಕಿ…”

“ಸಾಕು ಮಾಡು.”

“ವೆಂಡೆಲ್ ಮಾತು ಕೊಟ್ಟಿದ್ದ ಅತ್ತಿ.”

“ವೆಂಡೆಲ್ ಸತ್ತಾನ ಶಾಂತಾ,” ಅಂದರು ಐಡಾ. ಇಷ್ಟು ಇಂಗ್ಲಿಷು ನನಗೇ ತಿಳಿಯಿತು. “ನನ್ನ ಮಗಾ ಸತ್ತಾನ. ನೀನೂ ಸಾಯೂ ಹಂಗ ಕಾಣಾಕತ್ತಿ. ಹೋಗಿ ಮಲ್ಕೋ.”

ಶಾಂತಕ್ಕ ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. ಶೂ ಬಿಚ್ಚಲು ಬಗ್ಗಿದರು, ಕೈಗೆ ಲೇಸು ಸಿಗಲಿಲ್ಲ. ಐಡಾ ಎದ್ದು, ಆ ವಯಸ್ಸಿನಲ್ಲಿ, ಗೋಡೆ ಹಿಡಿದು ಮೊಣಕಾಲೂರಿ, ಸೊಸೆಯ ಶೂ ಬಿಚ್ಚಿದರು. ನಾನು ಸಹಾಯಕ್ಕೆ ಹೋದರೆ ಬೇಡವೆಂದು ಕೈಯಾಡಿಸಿದರು. ವೆಂಡೆಲ್ ಹುಡುಗನಾಗಿದ್ದಾಗ ಮಲಗುತ್ತಿದ್ದ ಕೋಣೆಯ ಹಾಸಿಗೆಯಲ್ಲಿ ಶಾಂತಕ್ಕ ಮಲಗಿದರು. ಎದ್ದದ್ದು ಮರುದಿನ ಮಧ್ಯಾಹ್ನ. ಅಷ್ಟು ಹೊತ್ತೂ ಐಡಾ ಬಾಗಿಲ ಹತ್ತಿರದ ಕುರ್ಚಿ ಬಿಟ್ಟು ಕದಲಲಿಲ್ಲ. ಬಂದವರನ್ನೆಲ್ಲ ಬೆರಳು ತುಟಿಗಿಟ್ಟು ಹೊರಗಿನಿಂದಲೇ ಕಳಿಸಿದರು.

ಎದ್ದ ಮೇಲೆ ಅನ್ನ, ಬೆಂಡೆಕಾಯಿ ಬಡಿಸಿ, ಪಕ್ಕದಲ್ಲಿ ಕೂತು ಐಡಾ ಹೇಳಿದರು: “ಅವ್ರ ಕಲ್ಲು ಬ್ಯಾಡ. ನಮ್ಮ ಕಲ್ಲು ನಾವ ಹಾಕೂಣು.”

ಚರ್ಚಿನವರು ಕೈ ಸೇರಿಸಿದರು. ಕಲ್ಲಿನ ಮೇಲೆ ಏನು ಬರೆಸುವುದು ಎಂಬ ಮಾತು ಬಂದಾಗ ಪಾದ್ರಿಗಳು ‘ಸೈನಿಕ’ ಎಂದೇ ಹಾಕೋಣ, ಯಾರು ಬಂದು ಕೇಳುತ್ತಾರೆ ಎಂದರು. ಶಾಂತಕ್ಕನಿಗೂ ಅದೇ ಮನಸ್ಸಿತ್ತು. ಐಡಾ ಒಪ್ಪಲಿಲ್ಲ. ಹೇಗರ್ ಕೂಡ ಅಲ್ಲೇ ಪಕ್ಕದಲ್ಲಿ ಕಲ್ಲಿಲ್ಲದೆ ಮಲಗಿದ್ದಾಳೆ ಎಂದು ಎಲ್ಲರಿಗೂ ನೆನಪು ಮಾಡಿದರು. ನಿಜವಾಗಿ ನಾವು ಯಾರೂ ಅವಳ ವಿಷಯ ಯೋಚಿಸಿಯೇ ಇರಲಿಲ್ಲ. ಇಷ್ಟು ವರ್ಷದ ಹುಡುಕಾಟದಲ್ಲಿ ಒಂದು ಸಲವೂ ಹೇಗರ್ ಎಂಬ ಹೆಸರನ್ನು ನಾವು ಹುಡುಕಿರಲಿಲ್ಲ.

“ಅಕೀ ಹೆಸರು ಮ್ಯಾಲ ಬರಸ್ರಿ. ಅಂವನ್ನ ಕೇಳಿದ್ರೂ ಅದನ್ನ ಹೇಳ್ತಿದ್ದ,” ಅಂದರು.

ತೊಂಬತ್ತೇಳರ ನವೆಂಬರಿನಲ್ಲಿ ಕಲ್ಲು ನಿಂತಿತು. ಬೂದು ಕಲ್ಲು, ಸೊಂಟದೆತ್ತರ. ಮೇಲೆ ಹೇಗರ್, ಕೆಳಗೆ ಜುಲೈ. ಹುಟ್ಟಿದ ವರ್ಷ ಯಾರಿಗೂ ಖಚಿತವಿಲ್ಲದ್ದರಿಂದ ಸತ್ತ ವರ್ಷ ಮಾತ್ರ. ಸುರಭಿ ಅಟ್ಲಾಂಟಾದಿಂದ ಬಂದಿದ್ದಳು, ಎತ್ತರದ ಹುಡುಗಿ, ಅಪ್ಪನ ಬಣ್ಣ, ಅಮ್ಮನ ಕಣ್ಣು. ಪಾದ್ರಿಗಳು ಪ್ರಾರ್ಥನೆ ಹೇಳಿದರು, ಹೆಂಗಸರು ಹಾಡಿದರು. ಗಾಳಿ ತಣ್ಣಗೆ ಬೀಸುತ್ತಿತ್ತು, ಬಹಳ ಹೊತ್ತು ನಿಲ್ಲಲಾಗಲಿಲ್ಲ. ಸುರಭಿ ಕಲ್ಲಿನ ಹತ್ತಿರ ಬಗ್ಗಿ ಅಕ್ಷರಗಳ ಮೇಲೆ ಬೆರಳಾಡಿಸಿ, “ಅಮ್ಮ, ಸೋಲ್ಜರ್ ಅಂತ ಇಲ್ವಲ್ಲ, ಡ್ಯಾಡ್‌ಗೆ ಬೇಜಾರಾಗ್ತಿತ್ತಾ?” ಎಂದು ಕೇಳಿದಳು.

ಶಾಂತಕ್ಕ ಕಲ್ಲಿನ ಮೇಲೆ ಬಿದ್ದ ಎಲೆ ಒರೆಸಿದರು. “ಆಗ್ತಿತ್ತು,” ಅಂದರು. “ಆಮ್ಯಾಲ ಸರಿ ಆಗ್ತಿದ್ದ.”

ವಾಪಸು ಬರುವಾಗ ನಾರ್ತ್ ಕ್ಯಾರೋಲೈನಾದಲ್ಲಿ ಕಾಫಿಗೆ ನಿಲ್ಲಿಸಿದೆವು. ಹಿಂದಿನ ಪ್ರಯಾಣಗಳಲ್ಲಿ ಮುಂದಿನ ವಾರ ಯಾವ ಸುರುಳಿ ನೋಡುವುದೆಂದು ಅಲ್ಲೇ ಕೂತು ಮಾತಾಡುತ್ತಿದ್ದೆವು. ಈಗ ಮಾತಾಡಲು ಏನೂ ಇರಲಿಲ್ಲ. “ಸಮಾಧಾನ ಆಯ್ತಾ ಶಾಂತಕ್ಕಾ?” ಎಂದು ಕೇಳಿದೆ.

“ಗೊತ್ತಿಲ್ಲ ರತ್ನಾ. ಮೈಕೈ ಭಾಳ ನೋಯಾಕತ್ತೈತಿ,” ಅಂದರು.

ಮುಂದಿನ ವರ್ಷ ನಟರಾಜರ ಕಾಂಟ್ರ್ಯಾಕ್ಟ್ ಮುಗಿದು ನಾವು ಜಾರ್ಜಿಯಾದ ಕಮ್ಮಿಂಗ್‌ಗೆ ಬಂದೆವು. ಶಾಂತಕ್ಕ ಕೆಲಸದಿಂದ ನಿವೃತ್ತರಾಗಿ, ಹರ್ನ್‌ಡನ್ನಿನ ಮನೆ ಖಾಲಿ ಮಾಡಿ ಐಡಾ ಜೊತೆ ಇರಲು ಹೋದರು. ಕನ್ನಡ ಸಂಘದವರಿಗೆ ಇದು ಅರ್ಥವಾಗಲಿಲ್ಲ. ಮಗಳ ಮನೆಗೆ ಹೋಗುವುದು ಬಿಟ್ಟು ಅಲ್ಲಿಗೆ ಯಾಕೆ ಎಂದು ನನ್ನನ್ನು ಕೇಳಿದರು. ಐಡಾ ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ ತೀರಿಕೊಂಡರು, ಮನೆಯಲ್ಲೇ, ಸೊಸೆಯ ಕೈಯಿಂದ ಗಂಜಿ ಕುಡಿದು ಮಲಗಿದವರು.

ಶಾಂತಕ್ಕ ಆ ಮನೆಯನ್ನು ಬಿಡಲಿಲ್ಲ. ಭಾನುವಾರ ಮಧ್ಯಾಹ್ನ ನಾನು ಫೋನ್ ಮಾಡುತ್ತೇನೆ. ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ ಬಹಳ ಸಲ ಒಂದೇ ಉತ್ತರ.

“ಏನಿಲ್ಲ ತಂಗಿ. ವರಾಂಡದಾಗ ಕುಂತೀನಿ.”